ಸಹಬಂದಿ ಆಸರೆ

ಸೆರೆಮನೆಯಲ್ಲಿ ಒಬ್ಬ ಕೈದಿಯ ಮನಸ್ಸಿನ ಸಂಕಟಕ್ಕೆ ಇನ್ನೊಬ್ಬ ಕೈದಿ ಕಿವಿಗೊಟ್ಟು, ಬೇಕಾದರೆ ವೈದ್ಯರವರೆಗೂ ಮುಟ್ಟಿಸುವ ಏರ್ಪಾಡು. ಆಸರೆಯಾಗುವವನು ಆಪ್ತಸಮಾಲೋಚಕನಲ್ಲ, ಕಾವಲಿನವನೂ ಅಲ್ಲ. ಅದೇ ಬ್ಯಾರಕ್ಕಿನಲ್ಲಿ ಚಾಪೆ ಹಾಸುವವನು.

ಹಿನ್ನೆಲೆ: ಇದರ ಬೇರು ಹುಡುಕಹೊರಟರೆ ಮೊದಲು ಸಿಗುವುದು ಇದರ ತದ್ವಿರುದ್ಧ ರೂಪ. ವಸಾಹತು ಕಾಲದ ಜೈಲುಗಳು ಕೈದಿಗಳನ್ನೇ ಕಾವಲಿಗೆ ಹಚ್ಚಿದವು. ಕನ್ವಿಕ್ಟ್ ವಾಚ್‌ಮನ್, ಓವರ್‌ಸಿಯರ್, ವಾರ್ಡರ್ ಎಂದು ಅದಕ್ಕೆ ಮೆಟ್ಟಿಲುಗಳಿದ್ದವು. ಹೀಗೆ ನೇಮಕಗೊಂಡವರನ್ನು 1894ರ ಕಾರಾಗೃಹ ಕಾಯಿದೆಯ 23ನೆಯ ಕಲಮು ಸರ್ಕಾರಿ ಸೇವಕರೆಂದೇ ಎಣಿಸಿತು. ರಾತ್ರಿ ಬೀಗ ಬಿದ್ದ ಮೇಲೆ ಬ್ಯಾರಕ್ಕಿನ ಒಳಗೆ ಉಳಿಯುತ್ತಿದ್ದ ಕಾವಲು ಇಂಥ ಕೈದಿಯದೇ. ಸಾಲಿನುದ್ದಕ್ಕೂ ನಡೆದು ತಲೆ ಎಣಿಸಿ, ಹೊರಗಿನ ವಾರ್ಡರಿಗೆ ಕೂಗಿ ಹೇಳಬೇಕು. ಯಾರಾದರೂ ಪಂಚೆ ಹರಿದು ಕುಣಿಕೆ ಮಾಡಿಕೊಂಡರೆ ಮೊದಲು ಕಾಣುವವನೂ ಅವನೇ. ಅಂದರೆ ಆತ್ಮಹತ್ಯೆ ತಡೆಯುವ ಕೆಲಸ ಅಂದೇ ಕೈದಿಯ ಪಾಲಿಗೆ ಬಂದಿತ್ತು, ಕಾವಲಿನ ರೂಪದಲ್ಲಿ. ಪ್ರತಿಫಲವಾಗಿ ಶಿಕ್ಷೆಯ ದಿನಗಳು ಕಡಿಮೆಯಾಗುತ್ತಿದ್ದವು. ಕಂಡದ್ದನ್ನೆಲ್ಲ ಮೇಲಿನವರಿಗೆ ಒಪ್ಪಿಸುವವನ ಮುಂದೆ ಯಾರು ತಾನೆ ಬಾಯಿಬಿಟ್ಟಾರು?

ಈ ಗಂಟು ಬಿಚ್ಚಿದ್ದು 1991ರಲ್ಲಿ, ಬ್ರಿಟನ್ನಿನ ಸ್ವಾನ್ಸೀ ಜೈಲಿನಲ್ಲಿ. ಹಿಂದಿನ ವರ್ಷ ಅಲ್ಲಿ 15ರ ಹುಡುಗನೊಬ್ಬ ಪ್ರಾಣ ಕಳೆದುಕೊಂಡಿದ್ದ. ಸಂಕಟದಲ್ಲಿರುವವರ ಮಾತಿಗೆ ಕಿವಿಗೊಡುವ ಸಮಾರಿಟನ್ಸ್ ಸಂಸ್ಥೆ ಕೆಲವು ಕೈದಿಗಳಿಗೆ ತರಬೇತಿ ಕೊಟ್ಟು ‘ಲಿಸನರ್’ (ಕೇಳುಗ)ಗಳನ್ನಾಗಿ ಮಾಡಿತು. ಕೇಳಿದ್ದು ಗುಟ್ಟಾಗಿರಬೇಕೆಂಬುದೇ ಆ ಏರ್ಪಾಡಿನ ಪ್ರಾಣ.

ಕರ್ನಾಟಕದಲ್ಲಿ: ಮೈಸೂರಿನ ನಾಟಕ ಸಂಸ್ಥೆ ರಂಗಾಯಣದ ನಟ ಹುಲುಗಪ್ಪ ಕಟ್ಟಿಮನಿ ಮೈಸೂರು ಕೇಂದ್ರ ಕಾರಾಗೃಹದ ಕೈದಿಗಳಿಂದ ‘ತಲೆದಂಡ’ದಂಥ ನಾಟಕಗಳನ್ನು ಆಡಿಸಿದರು. ಇದನ್ನು ಚಿಕಿತ್ಸೆ ಎನ್ನುವುದು ಅತಿಯಾದೀತು. ಆದರೂ ಮಾತು ಮರೆತವನಿಗೆ ಪಕ್ಕದವನು ಪಿಸುಗುಟ್ಟಿ ನೆನಪಿಸುವ ತಾಲೀಮನ್ನು ಸಹಬಂದಿ ಆಸರೆಯ ಸಮೀಪದ ನೆಂಟನೆನ್ನಲು ಅಡ್ಡಿಯಿಲ್ಲ.

ಕೈದಿಗಳ ಮಾನಸಿಕ ಆರೋಗ್ಯದ ಅಂಕಿಅಂಶ ಸಿಕ್ಕಿದ್ದು ಬೆಂಗಳೂರಿನಿಂದ. ನಿಮ್ಹಾನ್ಸ್‌ನ ಸುರೇಶ್ ಬಡಾ ಮಠ, ಪ್ರತಿಮಾ ಮೂರ್ತಿ ಮೊದಲಾದವರು ಪರಪ್ಪನ ಅಗ್ರಹಾರದ ಜೈಲಿನಲ್ಲಿ 5,024 ಕೈದಿಗಳನ್ನು ಮಾತನಾಡಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಶೇ. 79.6 ಮಂದಿಯಲ್ಲಿ ಮಾನಸಿಕ ಕಾಯಿಲೆ ಅಥವಾ ಮಾದಕ ವಸ್ತುಗಳ ತೊಂದರೆ ಕಂಡಿತು. ಮಾದಕ ವಸ್ತುಗಳ ತೊಂದರೆಯನ್ನು ಬಿಟ್ಟು ಲೆಕ್ಕ ಹಾಕಿದರೂ ಶೇ. 27.6 ಉಳಿಯಿತು. ಮೊದಲ ಅಂಕಿಯನ್ನೇ ಎತ್ತಿ ಆಡುವವರು ಹೆಚ್ಚು. ಎರಡನೆಯದನ್ನೂ ಜೊತೆಗಿಟ್ಟು ಓದಬೇಕು.

ಕಾನೂನು: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 103ನೆಯ ಕಲಮು ಪ್ರತಿ ರಾಜ್ಯದ ಕನಿಷ್ಠ ಒಂದು ಜೈಲಿನಲ್ಲಿ ಮಾನಸಿಕ ಚಿಕಿತ್ಸಾ ಘಟಕವಿರಬೇಕೆನ್ನುತ್ತದೆ. ಅಪಾಯದಲ್ಲಿರುವವರನ್ನು ಗುರುತಿಸಲು ಆಯ್ದ ಕೈದಿಗಳಿಗೆ ತರಬೇತಿ ಕೊಡುವ ‘ಗೇಟ್‌ಕೀಪರ್’ ಮಾದರಿಯನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2023ರಲ್ಲಿ ಶಿಫಾರಸು ಮಾಡಿತು.

ಕಾರ್ಯವಿಧಾನ: ಮುಲಾಖತ್ (ಮನೆಯವರ ಭೇಟಿ) ಮುಗಿಸಿ ಬಂದವನು ಮಾತು ನಿಲ್ಲಿಸುತ್ತಾನೆ, ಜಾಮೀನು ತಿರಸ್ಕಾರವಾದವನು ತನ್ನ ತಟ್ಟೆ, ಕಂಬಳಿಯನ್ನು ಪಕ್ಕದವನಿಗೆ ಕೊಟ್ಟುಬಿಡುತ್ತಾನೆ. ಇಂಥವು ಕಣ್ಣಿಗೆ ಬೀಳುವುದು ಜೊತೆಗಿರುವವರಿಗೇ. ತೊಡಕಿರುವುದೂ ಇಲ್ಲಿಯೇ. ತರಬೇತಿಗೆ ಒದಗುವವರು ಹೆಚ್ಚಾಗಿ ದೀರ್ಘಕಾಲದ ಸಜಾ ಕೈದಿಗಳು. ಆಸರೆ ಹೆಚ್ಚು ಬೇಕಾದದ್ದು ಒಳಬಂದ ಮೊದಲ ದಿನಗಳಲ್ಲಿರುವ ವಿಚಾರಣಾಧೀನರಿಗೆ. ಇಬ್ಬರನ್ನೂ ಬೇರೆಬೇರೆ ಇರಿಸಬೇಕೆಂದು 1894ರ ಕಾಯಿದೆಯ 27ನೆಯ ಕಲಮು ವಿಧಿಸಿತ್ತು. ಸಂಜೆ ಬೀಗ ಬಿದ್ದಾಗ ಕೇಳುವವನು ಒಂದು ಬ್ಯಾರಕ್ಕಿನಲ್ಲಿರುತ್ತಾನೆ, ಹೇಳಬೇಕಾದವನು ಇನ್ನೊಂದರಲ್ಲಿ.