ಮುಂಬಯಿಯ ನಿಸರ್ಗ ಸಂಗ್ರಹಾಲಯಕ್ಕೆ ಹೊರಡುವ ಮುನ್ನ

ಬೇಸಿಗೆಯ ರಜೆ ಸಮೀಪಿಸಿದಂತೆ ಹಳೆಯ ವಿದ್ಯಾರ್ಥಿಗಳು ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಸರ್, ಮಕ್ಕಳನ್ನು ಎಲ್ಲಿಗೆ ಕರೆದೊಯ್ಯೋಣ?" ಪ್ರಾಣಿ ಪಕ್ಷಿಗಳಲ್ಲಿ ಆಸಕ್ತಿಯುಳ್ಳ ಮಕ್ಕಳಿಗೆ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದ ನಿಸರ್ಗ ವಿಭಾಗವನ್ನು ತೋರಿಸಿರಿ ಎಂಬುದು ನನ್ನ ಉತ್ತರ. ಆದರೆ ಅಂಥ ದೊಡ್ಡ ಸಂಗ್ರಹಾಲಯವನ್ನು ಸಿದ್ಧತೆಯಿಲ್ಲದೆ ಹೊಕ್ಕರೆ ಕಾಲು ದಣಿಯುತ್ತವೆಯೇ ಹೊರತು ತಲೆಯಲ್ಲಿ ಏನೂ ಉಳಿಯುವುದಿಲ್ಲ. ಅದರ ಇತಿಹಾಸವನ್ನು ತಿಳಿದು ಹೋಗುವುದೇ ನಿಜವಾದ ಸಿದ್ಧತೆ. 1956ರ ವರೆಗೆ ನಮ್ಮ ಜಿಲ್ಲೆ ಮುಂಬಯಿ ಆಡಳಿತಕ್ಕೇ ಸೇರಿತ್ತಾದ್ದರಿಂದ ಆ ಇತಿಹಾಸ ನಮ್ಮದೂ ಹೌದು.

1883ರಲ್ಲಿ ಮುಂಬಯಿಯ ಎಂಟು ಜನ ನಿಸರ್ಗಾಸಕ್ತರು ಕೂಡಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಸ್ಥಾಪಿಸಿದರು. ಮರುವರ್ಷ ಸೊಸೈಟಿಗೆ ನೆಲೆ ದೊರೆತದ್ದು ಎಚ್. ಎಂ. ಫಿಪ್ಸನ್ ಎಂಬ ಮದ್ಯವ್ಯಾಪಾರಿಯ ಕಚೇರಿಯ ಒಂದು ಕೋಣೆಯಲ್ಲಿ. 1894ರಲ್ಲಿ ನಮ್ಮ ಕಾರವಾರದಿಂದ ಅಲ್ಲಿಗೆ ಒಂದು ಮಂಗಟ್ಟೆ ಹಕ್ಕಿಯ ಮರಿ ಕಾಣಿಕೆಯಾಗಿ ಹೋಯಿತು. 'ವಿಲಿಯಂ' ಎಂಬ ಹೆಸರು ಪಡೆದ ಆ ಹಕ್ಕಿ 1920ರ ವರೆಗೆ ಸೊಸೈಟಿಯ ಕಚೇರಿಯಲ್ಲಿಯೇ ಬಾಳಿತು. ಮೂವತ್ತು ಅಡಿ ದೂರದಿಂದ ಎಸೆದ ಟೆನಿಸ್ ಚೆಂಡನ್ನು ಕೊಕ್ಕಿನಿಂದ ಹಿಡಿಯುತ್ತಿತ್ತಂತೆ. ಸೊಸೈಟಿಯ ಲಾಂಛನದಲ್ಲಿರುವುದು ಮಂಗಟ್ಟೆಯೇ. ಸಂಗ್ರಹಾಲಯದ ಮಗ್ಗುಲಲ್ಲಿರುವ ಅದರ ಕಟ್ಟಡದ ಹೆಸರೂ 'ಹಾರ್ನ್‌ಬಿಲ್ ಹೌಸ್'.

1911ರಲ್ಲಿ ಸೊಸೈಟಿಯು ದೇಶದ ಸಸ್ತನಿಗಳ ಸಮೀಕ್ಷೆಯನ್ನು ಕೈಗೊಂಡಿತು. ಗೈ ಶಾರ್ಟ್‌ರಿಜ್ ಎಂಬ ಸಂಗ್ರಾಹಕರು ಧಾರವಾಡ, ಉತ್ತರ ಕನ್ನಡ, ಕೊಡಗು, ಮೈಸೂರು ಸೀಮೆಗಳಲ್ಲಿ ತಿರುಗಿ ಇಲಿ, ಬಾವಲಿ, ಅಳಿಲುಗಳನ್ನು ಸಹ ಬಿಡದೆ ಸಂಗ್ರಹಿಸಿದರು. ಅವುಗಳಲ್ಲಿ ಒಂದು ಪಾಲು ಲಂಡನ್ನಿನ ನಿಸರ್ಗ ಸಂಗ್ರಹಾಲಯವನ್ನು ಸೇರಿತು. ಇಂಥ ಪ್ರತಿಯೊಂದು ಚರ್ಮಕ್ಕೂ ಒಂದು ಚೀಟಿಯನ್ನು ಕಟ್ಟಿರುತ್ತಾರೆ: ಸಿಕ್ಕ ಸ್ಥಳ, ದಿನಾಂಕ, ಗಂಡೋ ಹೆಣ್ಣೋ, ಸಂಗ್ರಹಿಸಿದವರ ಹೆಸರು. ಚೀಟಿ ಇಲ್ಲದಿದ್ದರೆ ಅದು ಬರಿಯ ತೊಗಲು. ಚೀಟಿ ಇದ್ದರೆ ಇತಿಹಾಸದ ದಾಖಲೆ.

ಇನ್ನು ಸಂಗ್ರಹಾಲಯದ ಕಟ್ಟಡ. 1905ರಲ್ಲಿ ಅಡಿಗಲ್ಲು ಬಿದ್ದಿತು. ಒಂದನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರ ಆಸ್ಪತ್ರೆಯಾಗಿದ್ದು, 1922ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಒಳಗೆ ಕಾಲಿಟ್ಟೊಡನೆ ತಲೆಯೆತ್ತಿ ನೋಡಿರಿ. ವಾಸ್ತುಶಿಲ್ಪಿ ಜಾರ್ಜ್ ವಿಟೆಟ್ ಒಳಗಿನ ಕಮಾನುಗಳನ್ನು ರೂಪಿಸಿದ್ದು ನಮ್ಮ ಗೋಲಗುಮ್ಮಟದ ಮಾದರಿಯಲ್ಲಿ. ನಿಸರ್ಗ ವಿಭಾಗ ಸಿದ್ಧವಾದದ್ದು ಸೊಸೈಟಿಯ ನೆರವಿನಿಂದ. ಆಗ ಸೊಸೈಟಿಯ ಕ್ಯೂರೇಟರ್ ಆಗಿದ್ದ ಎಸ್. ಎಚ್. ಪ್ರೇಟರ್ ವಿದೇಶಗಳಲ್ಲಿ ಈ ಕಲೆಯನ್ನು ಅಭ್ಯಸಿಸಿ ಬಂದವರು. ಮುಂದೆ ಸಂವಿಧಾನ ರಚನಾ ಸಭೆಯ ಸದಸ್ಯರೂ ಆದರು. ಹಿಂದೆ ಬಣ್ಣದಲ್ಲಿ ಬರೆದ ಕಾಡು, ಮುಂದೆ ನೆಲ, ಗಿಡಗಂಟಿ, ನಡುವೆ ಪ್ರಾಣಿ: ಗಾಜಿನ ಹಿಂದಿನ ಈ ದೃಶ್ಯಗಳಿಗೆ 'ಡಯೊರಾಮಾ' ಎನ್ನುತ್ತಾರೆ.

ಈ ವಿಭಾಗದಲ್ಲಿ 1926ರಲ್ಲಿ ಬಂದವರಿಗೆ ವಿವರಿಸಿ ಹೇಳುವ ನೌಕರಿಗೆ ಸೇರಿದವರು ಸಲೀಂ ಅಲಿ. ಬಾಲಕನಾಗಿದ್ದಾಗ ತಾನು ಹೊಡೆದ ಗುಬ್ಬಿಯೊಂದರ ಕೊರಳು ಹಳದಿಯಾಗಿದ್ದುದನ್ನು ಕಂಡು, ಅದೇನೆಂದು ಕೇಳಲು ಅವರು ಸೊಸೈಟಿಗೆ ಹೋಗಿದ್ದರು. ಕಾರ್ಯದರ್ಶಿ ಮಿಲ್ಲಾರ್ಡ್ ಗದರಿಸಿ ಕಳುಹಿಸಲಿಲ್ಲ; ಕಪಾಟುಗಳನ್ನು ತೆರೆದು ಒಂದೊಂದೇ ಹಕ್ಕಿಯನ್ನು ತೋರಿಸಿದರು. ಆ ಬಾಲಕನೇ ದೊಡ್ಡವನಾಗಿ 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದ. ಮಕ್ಕಳ ಪ್ರಶ್ನೆಗೆ ಸಿಕ್ಕ ಒಂದು ಗಂಟೆಯ ಬೆಲೆ ಎಷ್ಟೆಂಬುದನ್ನು ಶಿಕ್ಷಕನಾದ ನಾನು ಬೇರೆ ಹೇಳಬೇಕಿಲ್ಲ.

ಆದ್ದರಿಂದ ಹೀಗೆ ಯೋಜಿಸಿರಿ. ತೆರೆಯುವ ವೇಳೆ, ರಜಾದಿನಗಳನ್ನು ಮೊದಲೇ ವಿಚಾರಿಸಿರಿ. ಒಂದು ಮುಂಜಾನೆಯನ್ನು ನಿಸರ್ಗ ವಿಭಾಗಕ್ಕೆಂದೇ ಮೀಸಲಿಡಿರಿ. ಶಿಲ್ಪ, ಚಿತ್ರಗಳು ಮಧ್ಯಾಹ್ನಕ್ಕಿರಲಿ. ಎಲ್ಲವನ್ನೂ ನೋಡುವ ಹಟ ಬೇಡ. ರಾಜಹಂಸ, ಮಂಗಟ್ಟೆ, ಕಾಡುಕೋಣ, ಹುಲಿ: ಈ ನಾಲ್ಕರ ಮುಂದೆ ನಿಂತು ಚೀಟಿ ಓದಿಸಿರಿ, ನೋಟುಬುಕ್ಕಿನಲ್ಲಿ ಬರೆಯಿಸಿರಿ. ರಾಜಹಂಸಗಳು ನಮ್ಮ ಆಲಮಟ್ಟಿಯ ಹಿನ್ನೀರಿಗೂ ಬರುತ್ತವೆ ಎಂದು ಹೇಳಲು ಮರೆಯಬೇಡಿರಿ. ಹೋಗುವ ದಾರಿಯಲ್ಲಿ ಸೊಲ್ಲಾಪುರದ ಬಳಿ ನಾನ್ನಜ್ ಇದೆ. ಎರೆಭೂತ ಹಕ್ಕಿಗಾಗಿ 1979ರಲ್ಲಿ ಘೋಷಿಸಿದ ಅಭಯಾರಣ್ಯವದು. ಎರೆಹೊಲ, ಹುಲ್ಲುಗಾವಲುಗಳ ಆ ದೊಡ್ಡ ಹಕ್ಕಿ ಈಗ ದೇಶದಲ್ಲಿ ಇನ್ನೂರಕ್ಕೂ ಕಡಿಮೆ ಉಳಿದಿದೆ. ಕರ್ನಾಟಕದಲ್ಲಿ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಮಾತ್ರ. ಮುಂಬಯಿ ದೂರವೆನಿಸುವ ಬೆಂಗಳೂರಿನವರು ಮೈಸೂರಿನ ಕಾರಂಜಿ ಕೆರೆಯ ದಂಡೆಯಲ್ಲಿ 1995ರಲ್ಲಿ ಆರಂಭವಾದ ಪ್ರಾದೇಶಿಕ ನಿಸರ್ಗ ಸಂಗ್ರಹಾಲಯವನ್ನು ನೋಡಬಹುದು.

ಮುಂದಿನ ವರ್ಷ ನೋಡಿದರಾಯಿತೆಂದು ಮುಂದೂಡಬೇಡಿರಿ. ಮೈಸೂರಿನ ಈ ಸಂಗ್ರಹಾಲಯದ ಮಾತೃಸಂಸ್ಥೆ, ದೆಹಲಿಯಲ್ಲಿ 1978ರಲ್ಲಿ ತೆರೆದ ರಾಷ್ಟ್ರೀಯ ನಿಸರ್ಗ ಸಂಗ್ರಹಾಲಯ, 2016ರ ಏಪ್ರಿಲ್ 26ರ ಒಂದೇ ರಾತ್ರಿಯಲ್ಲಿ ಸುಟ್ಟುಹೋಯಿತು. ಹೊಲದಲ್ಲಿದ್ದದ್ದು ಹೊಲದಿಂದ ಹೋಗುತ್ತದೆ, ಕಪಾಟಿನಲ್ಲಿದ್ದದ್ದು ಕಪಾಟಿನಿಂದಲೂ ಹೋಗಬಹುದು. ಮರಳಿ ಬಂದ ಮೇಲೆ ಮಕ್ಕಳಿಗೆ ಒಂದು ಕೆಲಸ ಕೊಡಿರಿ: ಮನೆಯ ಹಿರಿಯರನ್ನು ಕೇಳಿ, ಚಿಗರಿ, ತೋಳ, ಎರೆಭೂತಗಳನ್ನು ಅವರು ಯಾವ ಹೊಲದಲ್ಲಿ, ಯಾವ ವರ್ಷ ಕಂಡಿದ್ದರೆಂದು ಬರೆದಿಡಲಿ. ಅದು ನಮ್ಮೂರಿನ ಚೀಟಿ. ಅದನ್ನು ನಮ್ಮ ಪರವಾಗಿ ಬೇರೆ ಯಾರೂ ಬರೆಯುವುದಿಲ್ಲ.