ಗೇರು ಹಕ್ಕಲಿನ ವಿಷ ಮತ್ತು ನರಮಂಡಲ: ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಒಂದು ಚರಿತ್ರೆ

ಚಿರೆಕಲ್ಲಿನ ಗುಡ್ಡಗಳ ಮೇಲೆ ಗೇರು ಬೆಳೆಯುವುದು ಉತ್ತರ ಕನ್ನಡದ ಕರಾವಳಿಯಲ್ಲಿ ಹಳೆಯ ರೂಢಿ. 1978ರಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮ ಹುಟ್ಟಿದ ಮೇಲೆ ಈ ಬೆಳೆಗೆ ದೊಡ್ಡ ತೋಟಗಳ ಸ್ವರೂಪ ಬಂತು. ಚಿಗುರು, ಹೂಗಳ ರಸ ಹೀರಿ ಗೊಂಚಲನ್ನೇ ಒಣಗಿಸುವ ಟೀ ಸೊಳ್ಳೆಯ ಹತೋಟಿಗೆ ಆರಿಸಿಕೊಂಡ ಮದ್ದು ಎಂಡೋಸಲ್ಫಾನ್. ಗಡಿಯಾಚೆ ಕಾಸರಗೋಡಿನಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ 1970ರ ದಶಕದ ಕೊನೆಯಿಂದ 2000ದವರೆಗೆ ಇದೇ ಮದ್ದನ್ನು ಹೆಲಿಕಾಪ್ಟರ್‌ನಿಂದ ಸುರಿಯಿತು. ಎಣ್ಮಕಜೆಯ ಪಡ್ರೆಯಲ್ಲಿ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡದ್ದನ್ನು ಪತ್ರಕರ್ತ ಶ್ರೀಪಡ್ರೆ ಹೊರಜಗತ್ತಿಗೆ ತಿಳಿಸಿದರು. ಬೆಳ್ತಂಗಡಿಯ ಕೊಕ್ಕಡದ ಹೆಸರು ಆಮೇಲೆ ಕೇಳಿಬಂತು. ಭಟ್ಕಳ, ಹೊನ್ನಾವರ, ಕುಮಟಾದ ಪೀಡಿತರ ಕತೆ ಇನ್ನೂ ತಡವಾಗಿ, ಇನ್ನೂ ಸಣ್ಣ ದನಿಯಲ್ಲಿ ಬಂತು. ಈ ಚರಿತ್ರೆಯನ್ನು ನಿಷೇಧದ ಹೋರಾಟವಾಗಿ ಓದಿದ್ದೇವೆ. ನರಮಂಡಲದ ಕಡೆಯಿಂದ ಓದಿದ್ದು ಕಡಿಮೆ.

ಆ ಓದಿಗೆ ಇದೇ ಘಟ್ಟದ ಕಾಡಿನಲ್ಲೊಂದು ಸುಳಿವಿದೆ. ಇಲ್ಲಿ ಬೆಳೆಯುವ ಕಾಕಮಾರಿ ಬಳ್ಳಿಯ ಕಾಯಿಯನ್ನು ಅರೆದು ನೀರಿಗೆ ಹಾಕಿ ಮೀನು ಹಿಡಿಯುವುದು ಬಹುಕಾಲದ ಪದ್ಧತಿ. 1812ರಲ್ಲಿ ಫ್ರಾನ್ಸಿನ ಪಿಯರ್ ಬುಲೇ ಆ ಕಾಯಿಯಿಂದ ಪಿಕ್ರೊಟಾಕ್ಸಿನ್ ಎಂಬ ವಿಷವನ್ನು ಬೇರ್ಪಡಿಸಿದ. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ, ಬಾರ್ಬಿಟ್ಯುರೇಟ್ ನಿದ್ರೆಗುಳಿಗೆಗಳನ್ನು ಅತಿಯಾಗಿ ನುಂಗಿ ಪ್ರಜ್ಞೆ ತಪ್ಪಿದವರಿಗೆ ವೈದ್ಯರು ಅದನ್ನೇ ಚುಚ್ಚುತ್ತಿದ್ದರು. ಪ್ರಮಾಣ ತುಸು ಮೀರಿದರೆ ರೋಗಿಗೆ ಸೆಳೆತ ಬರುತ್ತಿತ್ತು.

ಕಾರಣ ಮಿದುಳಿನ ರಚನೆಯಲ್ಲಿದೆ. ನರಕೋಶಗಳ ಅತಿಯಾದ ಉದ್ರೇಕವನ್ನು ತಡೆಯುವ ಮುಖ್ಯ ರಾಸಾಯನಿಕ ಗಾಬಾ. ಅದು ಕ್ಲೋರೈಡ್ ನಾಳವನ್ನು ತೆರೆದಾಗ ನರಕೋಶ ಶಾಂತವಾಗುತ್ತದೆ. ಪಿಕ್ರೊಟಾಕ್ಸಿನ್ ಆ ನಾಳವನ್ನೇ ಮುಚ್ಚುತ್ತದೆ. ಎಂಡೋಸಲ್ಫಾನ್ ಹೋಗಿ ಕೂರುವುದೂ ಅದೇ ಜಾಗದಲ್ಲಿ. ಹಿಂದೆ ಕಜ್ಜಿಗೆ ಹಚ್ಚುತ್ತಿದ್ದ ಲಿಂಡೇನ್ ಕೂಡ ಅಷ್ಟೆ. ಎಂಡೋಸಲ್ಫಾನ್ ಹೊಟ್ಟೆಗೆ ಹೋದವರಿಗೆ ಗಂಟೆಗಳೊಳಗೆ ಫಿಟ್ಸ್ ಬರುವುದು ಇದರಿಂದಲೇ. ಬೇರೆ ಹಲವು ಕೀಟನಾಶಕಗಳಿಗೆ ಅಟ್ರೋಪಿನ್ ಪ್ರತ್ಯೌಷಧ, ಇದಕ್ಕೆ ಅಂಥದ್ದಿಲ್ಲ. ಸೆಳೆತವನ್ನು ತಡೆಯುತ್ತ, ಉಸಿರಾಟ ಕಾಯುತ್ತ ಕೂರಬೇಕು.

ಇಷ್ಟು ನಿರ್ವಿವಾದ. ವಿವಾದ ಹುಟ್ಟುವುದು ವರ್ಷಾನುಗಟ್ಟಲೆ ಸ್ವಲ್ಪಸ್ವಲ್ಪವೇ ಮೈಗೆ ಸೇರಿದ ವಿಷದ ಬಗ್ಗೆ. ಕೊಬ್ಬಿನಲ್ಲಿ ಕರಗುವ ಈ ವಸ್ತು ಗರ್ಭಕ್ಕೂ ಎದೆಹಾಲಿಗೂ ದಾಟುತ್ತದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಗಂಡುಮಕ್ಕಳ ರಕ್ತದಲ್ಲಿ ಅದರ ಉಳಿಕೆಯನ್ನೂ ಲೈಂಗಿಕ ಬೆಳವಣಿಗೆಯ ವಿಳಂಬವನ್ನೂ ಗುರುತಿಸಿ 2003ರಲ್ಲಿ ಪ್ರಕಟಿಸಿತು. ಆದರೆ ಸಿಂಪಡಣೆ ನಿಂತ ಮೇಲೆ ರಕ್ತದಿಂದ ಈ ವಿಷ ಬೇಗ ಹೊರಹೋಗುತ್ತದೆ. ಇಂದು ಹೊನ್ನಾವರದ ಮೂವತ್ತು ವರ್ಷದ ರೋಗಿಯೊಬ್ಬನ ರಕ್ತದಲ್ಲಿ ಏನೂ ಸಿಗದಿದ್ದರೆ ಅದು ವಿಷದ ನಿರಪರಾಧಿತ್ವಕ್ಕೆ ಸಾಕ್ಷಿಯಲ್ಲ. ಪುರಾವೆ ಮಾಯವಾಗುವವರೆಗೆ ಪರೀಕ್ಷಿಸದೆ ಇದ್ದು, ಬಳಿಕ ರೋಗಿಯಿಂದಲೇ ಪುರಾವೆ ಕೇಳುವುದು ಅನ್ಯಾಯವೆಂದೇ ನನ್ನ ತೀರ್ಮಾನ.

2011 ನಿರ್ಣಾಯಕ ವರ್ಷ. ಫೆಬ್ರುವರಿಯಲ್ಲಿ ಕರ್ನಾಟಕ ತಾತ್ಕಾಲಿಕ ನಿಷೇಧ ಹೇರಿತು, ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿರ್ಮೂಲನ ಪಟ್ಟಿಗೆ ಈ ಹೆಸರು ಸೇರಿತು, ಮೇ 13ರಂದು ಸುಪ್ರೀಂ ಕೋರ್ಟ್ ಉತ್ಪಾದನೆ, ಬಳಕೆ ಎರಡನ್ನೂ ತಡೆಯಿತು. ಆಮೇಲೆ ಹೈಕೋರ್ಟಿನ ಒತ್ತಡದಿಂದ ಅಂಗವೈಕಲ್ಯದ ಶೇಕಡಾವಾರು ನೋಡಿ ಮಾಸಾಶನ ಕೊಡುವ ಏರ್ಪಾಡು ಬಂತು.

ತೊಡಕಿರುವುದು ಈ ಶೇಕಡಾವಾರಿನಲ್ಲೇ. ಫಿಟ್ಸ್ ಬಂದುಹೋಗುವ ರೋಗ. ತಪಾಸಣೆಯ ದಿನ ಮನುಷ್ಯ ನೆಟ್ಟಗೆ ನಿಂತಿರುತ್ತಾನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿದ 21 ವೈಕಲ್ಯಗಳಲ್ಲಿ ಅಪಸ್ಮಾರ ಪ್ರತ್ಯೇಕವಾಗಿ ಇಲ್ಲ. ಆದರೆ ಅದು ತರುವ ಪೆಟ್ಟುಗಳು ಒಂದೆರಡಲ್ಲ: ಬಾವಿಕಟ್ಟೆಯಲ್ಲೋ ಒಲೆಯ ಮುಂದೋ ಬಿದ್ದು ಆಗುವ ಗಾಯ, ತಲೆಗೆ ಏಟು, ಆ ಏಟಿನಿಂದ ಮತ್ತೆ ಹೆಚ್ಚುವ ಸೆಳೆತ.

ಇದರ ಮೇಲೆ ಚಿಕಿತ್ಸೆಯದೇ ವಿಷ. ಫಿನೋಬಾರ್ಬಿಟಾಲ್ ಗಾಬಾದ ಕೆಲಸಕ್ಕೆ ಬಲ ಕೊಟ್ಟು ಸೆಳೆತ ತಡೆಯುತ್ತದೆ, ಜೊತೆಗೆ ಮಂಪರನ್ನೂ ತರುತ್ತದೆ. ವಾಲ್ಪ್ರೊಯೇಟ್ ಯಕೃತ್ತಿಗೂ, ಗರ್ಭಿಣಿ ನುಂಗಿದರೆ ಶಿಶುವಿನ ಬೆನ್ನುಹುರಿಗೂ ಅಪಾಯಕಾರಿ. ಫಿನಿಟಾಯಿನ್ ಇನ್ನೂ ಸೂಕ್ಷ್ಮ: ಯಕೃತ್ತಿನ ಮಿತಿ ತಲುಪಿದ ಬಳಿಕ ಗುಳಿಗೆಯನ್ನು ಸ್ವಲ್ಪ ಹೆಚ್ಚಿಸಿದರೂ ರಕ್ತದಲ್ಲಿ ಅದರ ಮಟ್ಟ ಏಕಾಏಕಿ ಏರುತ್ತದೆ, ಕಣ್ಣು ಅದುರಿ, ನಡಿಗೆ ತೂರಾಡುತ್ತದೆ. ಹುಟ್ಟಿನಿಂದ ಮಾತು ಬಾರದ ಮಗು ಅದನ್ನು ಹೇಳಿಕೊಳ್ಳಲಾರದು, ಮನೆಯವರು ರೋಗವೇ ಉಲ್ಬಣಿಸಿತೆಂದು ತಿಳಿಯುತ್ತಾರೆ. ಹೆಚ್ಚಿನ ಚಿಕಿತ್ಸೆಗೆ ಈ ಭಾಗದವರು ಇಂದಿಗೂ ಮಣಿಪಾಲ, ಮಂಗಳೂರಿನತ್ತ ಹೊರಡಬೇಕು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು 2022ರ ಜುಲೈಯಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಅಪಘಾತಕ್ಕೀಡಾದ ಮೇಲೆ ತೀವ್ರವಾಯಿತು.

ಅಂಥ ಆಸ್ಪತ್ರೆ ಬರುವವರೆಗೂ ಮೂರು ತಾಲೂಕು ಆಸ್ಪತ್ರೆಗಳಲ್ಲಿ ಆಗಬಹುದಾದ ಕೆಲಸವೊಂದಿದೆ. ಪ್ರತಿ ಪೀಡಿತರಿಗೆ ಫಿಟ್ಸ್ ಬಂದ ದಿನ, ಬಿದ್ದು ಆದ ಗಾಯ, ನುಂಗುತ್ತಿರುವ ಗುಳಿಗೆಯ ಪ್ರಮಾಣ ಒಂದೇ ಪುಸ್ತಕದಲ್ಲಿ ದಾಖಲಾಗಲಿ. ಮಾಸಾಶನದ ಶೇಕಡಾವಾರನ್ನು ವೈದ್ಯಕೀಯ ಮಂಡಳಿ ಆ ಪುಸ್ತಕ ನೋಡಿ ನಿರ್ಧರಿಸಲಿ.