ಏಳನೆಯ ತೋಟಾ

ವ್ಯಾಕರಣ, ಛಂದಸ್ಸುಗಳ ಪಾಠ ಹೇಳುವ ಕನ್ನಡ ಪಂಡಿತನಿಗೂ ಬಂದೂಕಿಗೂ ಎಲ್ಲಿಯ ನಂಟು ಎಂದು ವಾಚಕರು ಹುಬ್ಬೇರಿಸಬಹುದು. ನಂಟು ಒದಗಿದ್ದು ಎನ್.ಸಿ.ಸಿ.ಯಿಂದ. ನಮ್ಮ ಪ್ರೌಢಶಾಲೆಯ ದಳದ ಹೊಣೆ ಕೆಲವು ವರ್ಷ ನನ್ನ ಪಾಲಿಗೆ ಬಂದಿತ್ತು. ಒಂದು ಶಿಬಿರದಲ್ಲಿ ಗುರಿ ಹೊಡೆಯುವ ಅಭ್ಯಾಸ ನಡೆದಿದ್ದಾಗ ಹುಡುಗನೊಬ್ಬನ ತ್ರೀ-ನಾಟ್-ತ್ರೀ ರೈಫಲಿನ ಬೋಲ್ಟು ಅರ್ಧದಲ್ಲೇ ನಿಂತುಬಿಟ್ಟಿತು. ಅವನು ಗಾಬರಿಗೊಂಡು ಬಲವಾಗಿ ತಳ್ಳಿದ; ಅದು ಇನ್ನಷ್ಟು ಬಿಗಿಯಿತು. ನಾನು ಉಪಾಧ್ಯಾಯರ ವಾಡಿಕೆಯಂತೆ, "ಏನು ಮಾಡಿದೆಯೋ?" ಎಂದು ಗದರಿದೆ. ಕಲಿಸಲು ಬಂದಿದ್ದ ಹವಾಲ್ದಾರರು ಮಾತ್ರ ಅವಸರಪಡಲಿಲ್ಲ. ಬಂದೂಕಿನ ಮೂತಿ ಗುರಿಯ ಕಡೆಗೇ ಇರುವಂತೆ ಹಿಡಿಸಿ, ಬೋಲ್ಟನ್ನು ಮೆಲ್ಲನೆ ಹಿಂದಕ್ಕೆಳೆದು, "ಸಾರ್, ಮೊದಲು ನೋಡೋಣ, ಆಮೇಲೆ ಬಯ್ಯೋಣ" ಎಂದರು.

ನೋಡಿದಾಗ ತಿಳಿದದ್ದಿಷ್ಟು. ತ್ರೀ-ನಾಟ್-ತ್ರೀ ತೋಟಾದ ಬುಡದಲ್ಲಿ ಹೊರಚಾಚಿದ ಒಂದು ಅಂಚು ಉಂಟು. ಐದೈದು ತೋಟಾಗಳನ್ನು ಪಟ್ಟಿಗೆ ಸೇರಿಸಿ ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು. ಹಿಂದೆ ಸಿಕ್ಕಿಕೊಂಡರೆ, ಬೋಲ್ಟು ಮೇಲಿನದನ್ನು ನೂಕಿದಾಗ ಅದು ಕೆಳಗಿನದಕ್ಕೆ ಕೊಕ್ಕೆ ಹಾಕಿಕೊಂಡು ನಿಂತುಬಿಡುತ್ತದೆ. ಅಂದು ಆದದ್ದೂ ಅದೇ. ಪಟ್ಟಿಗೆ ತೋಟಾ ಸೇರಿಸಿದ್ದವರು ಬೇರೆ. ಬೈಗುಳ ತಿಂದವನು ಬೇರೆ. ಆ ಹುಡುಗನ ಮುಖ ಈಗಲೂ ನನ್ನ ಕಣ್ಣಮುಂದಿದೆ. ಬಂದೂಕುಗಳ ಚರಿತ್ರೆಯನ್ನು ಓದುವ ಚಪಲ ನನಗೆ ಹತ್ತಿದ್ದು ಆ ದಿನದಿಂದ. ಹಾಗೆ ಓದಿದ್ದರಲ್ಲಿ ಬಹಳ ದಿನ ಮನಸ್ಸಿನಲ್ಲಿ ನಿಂತ ಒಂದು ಪ್ರಸಂಗವನ್ನು ಇಲ್ಲಿ ಹೇಳುತ್ತೇನೆ. ಅದು ಅಮೆರಿಕದ ಗ್ಯಾರಂಡ್ ರೈಫಲಿನ ಏಳನೆಯ ತೋಟಾದ ಕಥೆ.

ಮೊದಲನೆಯ ಮಹಾಯುದ್ಧದಲ್ಲಿ ಕಾಲಾಳುಗಳ ಕೈಯಲ್ಲಿದ್ದುದು ಬಹುಮಟ್ಟಿಗೆ ಬೋಲ್ಟು ಎಳೆಯುವ ಬಂದೂಕು. ಒಂದು ಗುಂಡು ಹಾರಿಸಿದ ಮೇಲೆ ಕೈಯಿಂದ ಬೋಲ್ಟನ್ನು ಎತ್ತಿ, ಎಳೆದು, ಮತ್ತೆ ನೂಕಬೇಕು. ಅಷ್ಟರಲ್ಲಿ ಗುರಿ ತಪ್ಪುತ್ತದೆ, ಕಾಲವೂ ಹೋಗುತ್ತದೆ. ಹಾರಿದ ಗುಂಡಿನ ಶಕ್ತಿಯಿಂದಲೇ ಮುಂದಿನ ತೋಟಾ ತಾನಾಗಿ ಒಳಸೇರಿ, ಯೋಧನು ಕುದುರೆಯನ್ನು ಒತ್ತುವುದಷ್ಟೇ ಉಳಿದರೆ ಎಷ್ಟು ಚೆನ್ನ! ಇದೇ ಅರೆ-ಸ್ವಯಂಚಾಲಿತ ರೈಫಲಿನ ತತ್ತ್ವ. ಒಮ್ಮೆ ಒತ್ತಿದರೆ ಒಂದೇ ಗುಂಡು; ತೋಟಾ ಉಣಿಸುವ ಕೆಲಸ ಮಾತ್ರ ಯಂತ್ರದ್ದು. ಹೇಳುವುದು ಸುಲಭ. ಮಳೆ, ಮರಳು, ಕೆಸರುಗಳ ನಡುವೆ ಸಾವಿರಾರು ಸಲ ತಪ್ಪದೆ ನಡೆಯುವಂತೆ ಮಾಡುವುದು ಕಷ್ಟ. ಒಂದು ಸಲ ತಪ್ಪಿದರೂ ಅದನ್ನು ಹಿಡಿದವನ ಪ್ರಾಣಕ್ಕೆ ಸಂಚಕಾರ.

ಈ ಕೆಲಸವನ್ನು ಅಮೆರಿಕದಲ್ಲಿ ಸಾಧಿಸಿದವರು ಜಾನ್ ಗ್ಯಾರಂಡ್. ೧೮೮೮ರ ಜನವರಿ ೧ರಂದು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಬಂದು, ಬಟ್ಟೆ ಗಿರಣಿಯಲ್ಲಿ ದುಡಿಯುತ್ತ ಯಂತ್ರವಿದ್ಯೆಯನ್ನು ಕಲಿತವರು. ೧೯೧೯ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಸರ್ಕಾರಿ ಶಸ್ತ್ರಾಗಾರವನ್ನು ಸೇರಿದರು. ಅವರ ಮೊದಲ ಮಾದರಿ ಬೇರೆಯೇ ತತ್ತ್ವದ ಮೇಲೆ ನಡೆಯುತ್ತಿತ್ತು. ಸೈನ್ಯದ ತೋಟಾ ಬದಲಾದೊಡನೆ ಅದು ನಿಷ್ಪ್ರಯೋಜಕವಾಯಿತು. ಗ್ಯಾರಂಡರು ಮತ್ತೆ ಮೊದಲಿನಿಂದ ತೊಡಗಿದರು. ಮುಂದೆ ಸಣ್ಣ ಅಳತೆಯ, ಹತ್ತು ತೋಟಾ ಹಿಡಿಸುವ ಬಂದೂಕು ಸಿದ್ಧವಾಯಿತು ಎನ್ನುವಾಗ, ೧೯೩೨ರಲ್ಲಿ ಸೇನಾ ಮುಖ್ಯಾಧಿಕಾರಿಯಾಗಿದ್ದ ಮೆಕಾರ್ಥರ್ ಅವರು ಹಳೆಯ ಅಳತೆಯ ತೋಟಾವನ್ನು ಬಿಡಕೂಡದೆಂದರು. ಮತ್ತೆ ತಿದ್ದುಪಡಿ, ತೋಟಾಗಳು ಹತ್ತರಿಂದ ಎಂಟಕ್ಕೆ ಇಳಿದವು. ಕೊನೆಗೆ ೧೯೩೬ರ ಜನವರಿಯಲ್ಲಿ ಅದು ಎಂ-೧ ಎಂಬ ಹೆಸರಿನಿಂದ ಅಂಗೀಕೃತವಾಯಿತು. ಶಸ್ತ್ರಾಗಾರಕ್ಕೆ ಕಾಲಿಟ್ಟು ಆಗಲೇ ಹದಿನಾರು ವರ್ಷಕ್ಕೂ ಹೆಚ್ಚು ಕಾಲ ಸಂದಿತ್ತು.

ಈ ಬಂದೂಕು ಉಣ್ಣುವ ಕ್ರಮವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಇಲ್ಲವಾದರೆ ಅದರ ಅಜೀರ್ಣದ ಕಾರಣ ತಿಳಿಯದು. ಎಂಟು ತೋಟಾಗಳನ್ನು ಎರಡು ಸಾಲಾಗಿ ತಬ್ಬಿ ಹಿಡಿದ ಉಕ್ಕಿನ ತಗಡಿನ ಕ್ಲಿಪ್ಪನ್ನು ಮೇಲಿನಿಂದ ಒತ್ತಿದರೆ ಅದು ಬಂದೂಕಿನ ಒಡಲಲ್ಲಿ ಕೂರುತ್ತದೆ. ಕೆಳಗಿನಿಂದ ಒಂದು ತಟ್ಟೆ ತೋಟಾಗಳನ್ನು ಮೇಲಕ್ಕೆ ಎತ್ತಿಕೊಡುತ್ತಿರುತ್ತದೆ. ಬೋಲ್ಟು ಮುನ್ನುಗ್ಗಿ ಮೇಲಿನ ತೋಟಾವನ್ನು ನಳಿಗೆಯ ಬುಡದ ಗೂಡಿಗೆ ನೂಕಿ ಬೀಗ ಹಾಕಿಕೊಳ್ಳುತ್ತದೆ. ಗುಂಡು ಹಾರಿದಾಗ ಹಿಂದಿನಿಂದ ನುಗ್ಗುವ ಅನಿಲದಲ್ಲಿ ಸ್ವಲ್ಪ ಭಾಗ ಒಂದು ಉಕ್ಕಿನ ಸರಳನ್ನು ಹಿಂದಕ್ಕೆ ತಳ್ಳುತ್ತದೆ. ಸರಳು ಬೋಲ್ಟನ್ನು ತಿರುಗಿಸಿ, ಬಿಚ್ಚಿ, ಹಿಂದಕ್ಕೊಯ್ಯುತ್ತದೆ. ಖಾಲಿ ತೋಟಾ ಹೊರಗೆ ಹಾರುತ್ತದೆ. ಸ್ಪ್ರಿಂಗು ಎಲ್ಲವನ್ನೂ ಮತ್ತೆ ಮುಂದಕ್ಕೆ ತರುತ್ತದೆ. ಎಂಟನೆಯ ಗುಂಡಿನೊಡನೆ ಬರಿದಾದ ಕ್ಲಿಪ್ಪು 'ಟಿಣ್' ಎಂದು ತಾನಾಗಿ ಹೊರಕ್ಕೆ ಚಿಮ್ಮುತ್ತದೆ. ವಿಶೇಷವೇನೆಂದರೆ, ಬೋಲ್ಟನ್ನು ಮುಚ್ಚುವುದಕ್ಕೂ ತೋಟಾಗಳನ್ನು ಮೇಲಕ್ಕೆತ್ತುವುದಕ್ಕೂ ಇರುವುದು ಒಂದೇ ಸ್ಪ್ರಿಂಗು. ಮನೆಯಲ್ಲಿ ಒಬ್ಬಳೇ ಅಡುಗೆಯನ್ನೂ ಮಾಡಿ ಬಡಿಸುವುದನ್ನೂ ಮಾಡುವಂತೆ.

ಇದರಿಂದ ರೋಗಲಕ್ಷಣವನ್ನು ನೋಡಿ ರೋಗವನ್ನು ಊಹಿಸುವುದು ಸಾಧ್ಯವಾಗುತ್ತದೆ. ಬೋಲ್ಟು ಪೂರ್ತಿ ಹಿಂದಕ್ಕೆ ಹೋಗದೆ ಮುಂದಿನ ತೋಟಾವನ್ನು ಹಿಡಿಯದೆ ಬಂದರೆ, ಅನಿಲದ ದಾರಿಯಲ್ಲಿ ಮಸಿ ಕಟ್ಟಿದೆಯೇ, ಉಜ್ಜುವ ಜಾಗದಲ್ಲಿ ಎಣ್ಣೆ ಒಣಗಿದೆಯೇ ಎಂದು ನೋಡಬೇಕು. ಹಿಂದಕ್ಕೆ ಚೆನ್ನಾಗಿ ಹೋಗಿಯೂ ತೋಟಾವನ್ನು ಪೂರ್ತಿ ಒಳದೂಡದೆ ನಿಂತರೆ, ಸ್ಪ್ರಿಂಗು ಸೋತಿರಬಹುದು. ಗೂಡಿನಲ್ಲಿ ಕೊಳೆ ಇರಬಹುದು. ತೋಟಾಗಳು ಅಡ್ಡಾದಿಡ್ಡಿಯಾಗಿ ಏಳುತ್ತಿದ್ದರೆ ಕ್ಲಿಪ್ಪಿನ ತುಟಿ ಬಾಗಿರಬಹುದು. ಬೇರೆ ಕ್ಲಿಪ್ಪು ಹಾಕಿ ನೋಡಿದರೆ ಗೊತ್ತಾಗುತ್ತದೆ. ರಣರಂಗದಲ್ಲಿ ಇಷ್ಟೆಲ್ಲ ವಿಚಾರ ಮಾಡಲು ಪುರುಸೊತ್ತಿಲ್ಲ. ಆದ್ದರಿಂದ ಯೋಧನಿಗೆ ಕಲಿಸುತ್ತಿದ್ದುದು ಒಂದೇ ಪಾಠ: ಅಂಗೈ ಮೇಲಾಗಿ ಸರಳಿನ ಹಿಡಿಯನ್ನು ಪೂರ್ತಿ ಹಿಂದಕ್ಕೆಳೆ, ಬಿಡು, ಗುರಿಯಿಟ್ಟು ಮತ್ತೆ ಹೊಡೆ. ಬಹುಪಾಲು ತೊಡಕುಗಳು ಅಷ್ಟಕ್ಕೇ ತೆರವಾಗುತ್ತವೆ. ಆದರೆ ತೊಡಕನ್ನು ತೆರವು ಮಾಡುವುದು ಬೇರೆ, ಅದರ ಕಾರಣವನ್ನು ಕಂಡುಹಿಡಿಯುವುದು ಬೇರೆ. ನಮ್ಮ ಕಥೆಯ ತಿರುಳು ಇಲ್ಲಿದೆ.

ಎಂ-೧ ಅಂಗೀಕೃತವಾಗುವ ಮುನ್ನ ಶಸ್ತ್ರಾಗಾರದ ಮಾದರಿ ಕೊಠಡಿಯಲ್ಲಿ ಎಂಬತ್ತು ಬಂದೂಕುಗಳನ್ನು ನುರಿತ ಕೆಲಸಗಾರರು ಮಾಡಿದ್ದರು. ಸೈನ್ಯ ಪರೀಕ್ಷಿಸಿ ಒಪ್ಪಿದ್ದು ಇವನ್ನು. ಆಮೇಲೆ ಕಾರ್ಖಾನೆಯಲ್ಲಿ ಯಂತ್ರಗಳಿಂದ ರಾಶಿ ರಾಶಿಯಾಗಿ ತಯಾರಿಸುವ ಸಿದ್ಧತೆ ನಡೆಯಿತು. ೧೯೩೭ರ ಸೆಪ್ಟೆಂಬರಿನಲ್ಲಿ ದಿನಕ್ಕೆ ಹತ್ತು ಬಂದೂಕು. ಎರಡು ವರ್ಷದೊಳಗೆ ದಿನಕ್ಕೆ ನೂರು. ಅವು ಸೈನಿಕರ ಕೈಗೆ ಹೋದ ಮೇಲೆ ವಿಚಿತ್ರವಾದ ದೂರೊಂದು ಬರತೊಡಗಿತು. ಆರು ಗುಂಡು ಸರಾಗವಾಗಿ ಹಾರುತ್ತವೆ, ಏಳನೆಯದು ಸಿಕ್ಕಿಕೊಳ್ಳುತ್ತದೆ. ಕೈಯಿಂದ ಬಿಡಿಸಿದರೆ ಎಂಟನೆಯದು ಸುಖವಾಗಿ ಹಾರುತ್ತದೆ. ಪ್ರತಿ ಸಲವೂ ಅಲ್ಲ. ಆದರೆ ಆದಾಗಲೆಲ್ಲ ಏಳನೆಯದೇ.

ಇಂಥ ದೂರು ಬಂದಾಗ ಮನುಷ್ಯ ಸ್ವಭಾವ ಎರಡು ದಾರಿ ಹಿಡಿಯುತ್ತದೆ. ಒಂದು, ಹಿಡಿದವನಿಗೆ ಬಳಸಲು ಬಾರದು ಎನ್ನುವುದು. ಇನ್ನೊಂದು, ಆ ವಸ್ತುವೇ ಮೂಲತಃ ಕೆಟ್ಟದ್ದು ಎನ್ನುವುದು. ಎಂ-೧ರ ಪಾಲಿಗೆ ಎರಡನೆಯ ಮಾತು ಬಲವಾಯಿತು. ಅದರ ವಿಷಯದಲ್ಲಿ ಬೇರೆ ಆಕ್ಷೇಪಗಳೂ ಇದ್ದವು. ಮೊದಲ ಬಂದೂಕುಗಳಲ್ಲಿ ನಳಿಗೆಯ ತುದಿಗೆ ತೊಡಿಸಿದ ಕೊಳವೆಯಲ್ಲಿ ಅನಿಲವನ್ನು ಹಿಡಿಯುತ್ತಿದ್ದರು. ಅದು ಮಸಿ ಕಟ್ಟಿ, ಸಡಿಲಗೊಂಡು ಕಾಟ ಕೊಡುತ್ತಿತ್ತು. ಬಹಳ ಹೊತ್ತು ಮಳೆಯಲ್ಲಿ ನೆನೆದರೆ ಎಣ್ಣೆ ತೊಳೆದುಹೋಗಿ ಬೋಲ್ಟು ಕಚ್ಚಿಕೊಳ್ಳುತ್ತಿತ್ತು. ಅದೇ ವೇಳೆಗೆ ಮೆಲ್ವಿನ್ ಜಾನ್ಸನ್ ಎಂಬುವರು ಹತ್ತು ತೋಟಾಗಳ ಸುತ್ತುಗೂಡುಳ್ಳ ಬೇರೊಂದು ರೈಫಲನ್ನು ತಂದು ಮುಂದಿಟ್ಟರು. ೧೯೪೦ರಲ್ಲಿ ಪತ್ರಿಕೆಗಳಲ್ಲೂ ಅಮೆರಿಕದ ಕಾಂಗ್ರೆಸ್ಸಿನಲ್ಲೂ ವಾದವೇ ವಾದ. ಆ ವರ್ಷದ ಮೇ ತಿಂಗಳಲ್ಲಿ ಹಿಟ್ಲರನ ಸೇನೆ ಫ್ರಾನ್ಸನ್ನು ನುಗ್ಗಿತ್ತೆಂಬುದನ್ನು ನೆನೆದರೆ, ಇದು ಬರಿಯ ಮಾತಿನ ಮಲ್ಲಯುದ್ಧವಾಗಿರಲಿಲ್ಲವೆಂದು ತಿಳಿಯುತ್ತದೆ. ಬಂದೂಕನ್ನು ಬದಲಾಯಿಸಿದ್ದರೆ ಕಾರ್ಖಾನೆಗಳು ಮತ್ತೆ ಮೊದಲಿನಿಂದ ಸಜ್ಜಾಗಬೇಕಿತ್ತು. ದೋಷವಿದ್ದೂ ಬದಲಾಯಿಸದಿದ್ದರೆ ಲಕ್ಷಾಂತರ ತರುಣರು ನಂಬಲಾಗದ ಆಯುಧ ಹಿಡಿದು ಹೋಗಬೇಕಿತ್ತು.

ಇಲ್ಲಿ ನನ್ನ ವೃತ್ತಿಯ ಮಾತೊಂದನ್ನು ಹೇಳಲು ಅಪ್ಪಣೆ ಬೇಡುತ್ತೇನೆ. ಓಲೆಗರಿಯ ಕಾವ್ಯವನ್ನು ಓದುವಾಗ ಒಂದು ಕಂದಪದ್ಯದಲ್ಲಿ ಮಾತ್ರೆ ಕೆಟ್ಟಿತೆನ್ನಿ. ಅವಸರದ ಓದುಗ, ಕವಿಗೆ ಛಂದಸ್ಸು ಬಾರದು ಎನ್ನುತ್ತಾನೆ. ಗುರುಗಳಾದವರು ಹಾಗೆನ್ನುವುದಿಲ್ಲ. ಬೇರೆ ಬೇರೆ ಪ್ರತಿಗಳನ್ನು ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ತಪ್ಪು ಒಂದೊಂದರಲ್ಲಿ ಒಂದೊಂದು ಕಡೆಯಾದರೆ ಅದು ಆಯಾ ಲಿಪಿಕಾರನ ಕೈತಪ್ಪು. ಎಲ್ಲ ಪ್ರತಿಗಳಲ್ಲೂ ಅದೇ ಗಣದಲ್ಲಿ ಅದೇ ತಪ್ಪು ಕಂಡರೆ, ಅವೆಲ್ಲಕ್ಕೂ ತಾಯಿಯಾದ ಪ್ರತಿಯಲ್ಲೇ ಯಾರೋ ಒಂದಕ್ಷರ ಬಿಟ್ಟಿದ್ದಾರೆ. ಕವಿಯೂ ನಿರಪರಾಧಿ, ಓದುಗನೂ ನಿರಪರಾಧಿ.

ಏಳನೆಯ ತೋಟಾದ ನ್ಯಾಯವೂ ಇದೇ ಆಯಿತು. ಸೈನಿಕನ ಕೈತಪ್ಪಾಗಿದ್ದರೆ ಒಮ್ಮೆ ಎರಡನೆಯದು, ಒಮ್ಮೆ ಐದನೆಯದು ನಿಲ್ಲಬೇಕಿತ್ತು. ಗ್ಯಾರಂಡರ ತತ್ತ್ವವೇ ತಪ್ಪಾಗಿದ್ದರೆ ಮಾದರಿ ಕೊಠಡಿಯ ಎಂಬತ್ತು ಬಂದೂಕುಗಳೂ ನಿಲ್ಲಬೇಕಿತ್ತು, ಅವು ನಿಲ್ಲುತ್ತಿರಲಿಲ್ಲ. ಹಾಗಾದರೆ ಮೂಲಪ್ರತಿಗೂ ಕಾರ್ಖಾನೆಯ ಪ್ರತಿಗೂ ಎಲ್ಲೋ ಪಾಠಾಂತರವಿರಬೇಕು. ಇತ್ತು. ಬಂದೂಕಿನ ಒಡಲ ಒಳಗೆ, ಮೇಲೇಳುವ ತೋಟಾಗೆ ದಾರಿ ತೋರಿಸಲು ಒಂದು ಸಣ್ಣ ಏಣು ಉಂಟು. ರಾಶಿ ತಯಾರಿಕೆಗೆ ಉಪಕರಣಗಳನ್ನು ಅಣಿಮಾಡುವಾಗ, ಕೊರೆಯುವ ಕೆಲಸ ಸುಲಭವಾಗಲೆಂದು ಆ ಏಣಿನ ಒಂದು ಚೂರನ್ನು ಕಡಿದುಹಾಕಿದ್ದರು. ಮೊದಲ ಆರು ತೋಟಾಗಳಿಗೆ ಅಕ್ಕಪಕ್ಕದವುಗಳ ಒತ್ತು ಇರುವುದರಿಂದ ಆ ಚೂರು ಇಲ್ಲದಿದ್ದರೂ ನಡೆಯುತ್ತದೆ. ಕ್ಲಿಪ್ಪಿನಲ್ಲಿ ಎರಡೇ ಉಳಿದಾಗ ಅವು ಸಡಿಲವಾಗುತ್ತವೆ. ಮೇಲಿನದಕ್ಕೆ ಆಸರೆ ತಪ್ಪಿ ಓರೆಯಾಗುತ್ತದೆ. ಬೆರಳ ತುದಿಯಲ್ಲಿ ಅಡಗುವಷ್ಟು ಉಕ್ಕು! ಅದನ್ನು ಕಡಿದವರು ದುರುದ್ದೇಶದಿಂದ ಕಡಿದವರಲ್ಲ. ಅದು ಅಲ್ಲಿ ಏಕೆ ಇದೆಯೆಂದು ಕೇಳಲಿಲ್ಲ, ಅಷ್ಟೆ.

ಕಾರಣ ತಿಳಿದ ಮೇಲೆ ಪರಿಹಾರಕ್ಕೆ ತಡವಾಗಲಿಲ್ಲ. ಹೊಸ ಬಂದೂಕುಗಳಲ್ಲಿ ಏಣು ಮೊದಲಿನ ಅಳತೆಗೆ ಬಂತು; ಆಗಲೇ ತಯಾರಾಗಿದ್ದವುಗಳಿಗೆ ಲೋಹವನ್ನು ಬೆಸುಗೆ ಹಾಕಿ ಸರಿಪಡಿಸಿದರು. ೧೯೪೦ರಲ್ಲೇ ತುದಿಯ ಅನಿಲದ ಕೊಳವೆಯನ್ನು ಕೈಬಿಟ್ಟು, ನಳಿಗೆಯಲ್ಲೇ ಸಣ್ಣ ರಂಧ್ರ ಕೊರೆದು ಅನಿಲ ಪಡೆಯುವ ಕ್ರಮ ಬಂದಿತು. ಮಳೆಗೆ ತೊಳೆದುಹೋಗದ ಗಟ್ಟಿ ಗ್ರೀಸಿನ ಪುಟ್ಟ ಡಬ್ಬಿ ಯೋಧನ ಸಾಮಗ್ರಿಯಲ್ಲಿ ಸೇರಿತು. ೧೯೪೧ರ ಕೊನೆಯಲ್ಲಿ ಫಿಲಿಪ್ಪೀನ್ಸಿನ ಕಾಳಗದಲ್ಲಿ ಈ ಬಂದೂಕು ಮೊದಲ ಅಗ್ನಿಪರೀಕ್ಷೆಗೆ ನಿಂತಿತು. ಯುದ್ಧ ಮುಗಿಯುವ ವೇಳೆಗೆ ಸುಮಾರು ೪೦ ಲಕ್ಷ, ೧೯೫೭ರವರೆಗೆ ಒಟ್ಟು ಸುಮಾರು ೫೪ ಲಕ್ಷ ಬಂದೂಕುಗಳು ತಯಾರಾದವು. ಆ ಮಹಾಯುದ್ಧದಲ್ಲಿ ಒಂದು ದೇಶದ ಕಾಲಾಳುಗಳೆಲ್ಲರಿಗೂ ಅರೆ-ಸ್ವಯಂಚಾಲಿತ ರೈಫಲನ್ನೇ ಮುಖ್ಯ ಆಯುಧವಾಗಿ ಕೊಡಲು ಹೊರಟದ್ದು ಅಮೆರಿಕ ಒಂದೇ. ನಮ್ಮಲ್ಲಿ ೧೯೬೨ರ ಚೀನಾ ಯುದ್ಧದಲ್ಲೂ ಯೋಧರ ಕೈಯಲ್ಲಿದ್ದುದು ಬಹುಮಟ್ಟಿಗೆ ಬೋಲ್ಟು ಎಳೆಯುವ ತ್ರೀ-ನಾಟ್-ತ್ರೀಯೇ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿದೀತು. ಈಶಾಪುರದ ಕಾರ್ಖಾನೆಯ ಅರೆ-ಸ್ವಯಂಚಾಲಿತ ರೈಫಲು ನಮ್ಮ ಸೈನ್ಯದಲ್ಲಿ ಬಳಕೆಗೆ ಹರಡಿದ್ದು ಅದರ ತರುವಾಯ.

ಗ್ಯಾರಂಡರು ತಮ್ಮ ಹಕ್ಕುಗಳನ್ನು ೧೯೩೬ರಲ್ಲೇ ಸರ್ಕಾರಕ್ಕೆ ಬಿಟ್ಟುಕೊಟ್ಟಿದ್ದರು. ಅವರಿಗೆ ಒಂದು ಲಕ್ಷ ಡಾಲರ್ ಕೊಡಬೇಕೆಂಬ ಮಸೂದೆ ಕಾಂಗ್ರೆಸ್ಸಿನ ಮುಂದೆ ಬಂದರೂ ಅಂಗೀಕೃತವಾಗಲಿಲ್ಲ. ಸಂಬಳದ ನೌಕರರಾಗಿಯೇ ೧೯೫೩ರಲ್ಲಿ ನಿವೃತ್ತರಾಗಿ, ೧೯೭೪ರಲ್ಲಿ ತೀರಿಕೊಂಡರು. ೧೯೬೮ರಲ್ಲಿ ಮುಚ್ಚಿದ ಆ ಶಸ್ತ್ರಾಗಾರ ಇಂದು ವಸ್ತುಸಂಗ್ರಹಾಲಯವಾಗಿದೆ.

ಆಯುಧಗಳನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಅವು ಬೇಡದ ಕಾಲ ಬರಲೆಂದೇ ನನ್ನ ಹಾರೈಕೆ. ಈ ಕಥೆಯಿಂದ ನಾನು ಕಲಿತದ್ದು ಬೇರೆ. ತರಗತಿಯಲ್ಲಿ ಒಬ್ಬ ಹುಡುಗ ಒಂದು ಲೆಕ್ಕದಲ್ಲಿ ತಪ್ಪಿದರೆ ಅವನನ್ನು ತಿದ್ದಬಹುದು. ನಲವತ್ತು ಹುಡುಗರು ಒಂದೇ ಮೆಟ್ಟಿಲಲ್ಲಿ ಎಡವಿದರೆ ಮೆಟ್ಟಿಲನ್ನು ನೋಡಬೇಕು. ಅದನ್ನು ಕಟ್ಟಿದ ನಾನು ಯಾವ ಚೂರನ್ನು ಕಡಿದುಹಾಕಿದ್ದೇನೆಂದು ಕೇಳಿಕೊಳ್ಳಬೇಕು. ಶಿಬಿರದಲ್ಲಿ ನಾನು ಗದರಿದ ಆ ಹುಡುಗನಿಗೆ ಅಂದೇ ಸಂಜೆ, ತಪ್ಪು ನಿನ್ನದಲ್ಲಪ್ಪ ಎಂದು ಹೇಳಿದೆ. ಹೇಳಿಸಿದವರು ಹವಾಲ್ದಾರರು. ಮೊದಲು ನೋಡೋಣ, ಆಮೇಲೆ ಬಯ್ಯೋಣ ಎಂದಿದ್ದರಲ್ಲ. ನೋಡಿದ ಮೇಲೆ ಬಯ್ಯುವ ಪ್ರಸಂಗವೇ ಬರಲಿಲ್ಲ.